ಅತ್ತೆಯ ಉಪ್ಪು, ಅಳಿಯನ ಮೂಗು

ಪ್ಯೋ ದುಸಿಕ್ ಅವರಿಗೆ ಈ ಲೋಕದ ಮೇಲೆ ಇದ್ದ ದೂರು ಒಂದೇ. ಮೂವತ್ತು ವರ್ಷ ಹವಾಮಾನ ಕಚೇರಿಯಲ್ಲಿ ಕೂತು ಚುನ್‌ಚನ್ ಊರಿನ ಚಳಿ, ಸೆಕೆ, ಮಳೆ, ಮಂಜು ಎಲ್ಲವನ್ನೂ ಅಳೆದು ನಿವೃತ್ತರಾದ ಮನುಷ್ಯನಿಗೆ ಮನೆಯೊಳಗೆ ಮೂರು ಕಾಸಿನ ಬೆಲೆಯಿಲ್ಲ! ಅವರು “ಇವತ್ತು ಬಿಸಿಲು” ಎಂದರೆ ಹೆಂಡತಿ ಗುಮ್ಜಾ ಕೊಡೆ ಹುಡುಕುತ್ತಿದ್ದಳು. “ಇವತ್ತು ಮಳೆ” ಎಂದರೆ ಹಾಸಿಗೆ ತೆಗೆದು ಬಿಸಿಲಿಗೆ ಹಾಕುತ್ತಿದ್ದಳು. (ಇದಕ್ಕಿಂತ ನೋವಿನ ಸಂಗತಿಯೆಂದರೆ, ಹಾಸಿಗೆ ಪ್ರತಿಸಲವೂ ಗರಿಗರಿಯಾಗಿ ಒಣಗುತ್ತಿತ್ತು.)

ಇಂಥ ದುಸಿಕ್ ಅವರಿಗೆ ಹೋದ ಚಳಿಗಾಲದಲ್ಲಿ ತಮ್ಮ ವಿದ್ಯೆ ತೋರಿಸುವ ಸುವರ್ಣಾವಕಾಶ ಒದಗಿತು. ಮನೆಯ ಕಿಮ್ಚಿ ಫ್ರಿಜ್ಜಿಗೆ, ಅಂದರೆ ಎಲೆಕೋಸಿನ ಖಾರದ ಉಪ್ಪಿನಕಾಯಿಯನ್ನು ವರ್ಷವಿಡೀ ಕಾಪಾಡುವ ಪೆಟ್ಟಿಗೆಗೆ, ಸನ್ನಿ ಹಿಡಿಯಿತು.

ಅಡುಗೆಮನೆಯ ಫ್ರಿಜ್ ಕೆಟ್ಟರೆ ನಾಲ್ಕು ದಿನದ ಊಟ ಕೆಟ್ಟೀತು. ಕಿಮ್ಚಿ ಫ್ರಿಜ್ ಕೆಟ್ಟರೆ ಕೆಡುವುದು ವರ್ಷದ ಊಟ. ಅದರಲ್ಲೂ ಈ ಸಲದ ಕಿಮ್ಚಿ ಅಂತಿಂಥದಲ್ಲ, ಸಾಕ್ಷಾತ್ ಅತ್ತೆಯವರ ಕೈಯದು. ದಕ್ಷಿಣದ ಹೆನಮ್ ಕಡೆಯ ಅತ್ತೆ, ಮಂಡಿನೋವು ಹೆಚ್ಚಾಯಿತೆಂದು ಈ ವರ್ಷ ಮಗಳ ಫ್ಲ್ಯಾಟಿಗೇ ಬಂದುಬಿಟ್ಟಿದ್ದರು. ಬರುವಾಗ ಬಟ್ಟೆಗಿಂತ ಹೆಚ್ಚು ತಂದದ್ದು ಉಪ್ಪು, ತಮ್ಮೂರಿನ ಕಡಲಿನದು. ಎಲೆಕೋಸಿನ ಗುಡ್ಡೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಅವರು ಹಿಡಿ ಹಿಡಿ ಉಪ್ಪು ಎರಚುವುದನ್ನು ನೋಡಲು ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ಬಂದಿದ್ದರು. ಅಳತೆ ಇಲ್ಲ, ತೂಕ ಇಲ್ಲ. “ಎಷ್ಟು ಹಾಕ್ತೀರಜ್ಜೀ?” ಎಂದು ಯಾರೋ ಕೇಳಿದ್ದಕ್ಕೆ, “ನನ್ನನ್ನ ಯಾಕೆ ಕೇಳ್ತೀಯೇ? ಕೈನ ಕೇಳು” ಎಂದಿದ್ದರು.

ಉಪ್ಪಿನ ಜೊತೆ ಅತ್ತೆ ಇನ್ನೊಂದು ವಿದ್ಯೆಯನ್ನೂ ತಂದಿದ್ದರು: ಚೊಂಗುಕ್‌ಜಾಂಗ್. ಬೇಯಿಸಿದ ಸೋಯಾಕಾಳನ್ನು ಒಣಹುಲ್ಲಿನ ಜೊತೆ ಗಂಟು ಕಟ್ಟಿ ಬೆಚ್ಚಗೆ ಮಲಗಿಸಿದರೆ ಎರಡು ಮೂರು ದಿನದಲ್ಲಿ ಅದು ಹುಳಿತು, ಎಳೆ ಬಿಟ್ಟು, ಒಂದು ವಾಸನೆಯನ್ನು ಹೊರಡಿಸುತ್ತದೆ. ಸಾರು ಮಾಡಿದ ಮೇಲೆ ಅಮೃತ, ಒಪ್ಪಿದೆ. ಆದರೆ ಅಮೃತವಾಗುವ ಮುಂಚೆ ಅದು ಮಳೆಗಾಲದಲ್ಲಿ ವಾರವಿಡೀ ತೊಟ್ಟ ಕಾಲುಚೀಲ. ಗಂಟು ಮೊದಲು ಹಜಾರದ ಮೂಲೆಯಲ್ಲಿ ಕೂತಿತು. ದುಸಿಕ್ ಒಂದು ದಿನ ಸಹಿಸಿದರು. ಮರುದಿನ ಹೆಂಡತಿಯನ್ನು ಕೋಣೆಗೆ ಕರೆದು ರಾಜಾಜ್ಞೆ ಹೊರಡಿಸಿದರು.

“ನೋಡೇ, ಈ ಮನೆ ಒಳಗೆ ಆ ಗಂಟಿರಬೇಕು, ಇಲ್ಲಾ ನಾನಿರಬೇಕು!”

“ಯೋಚ್ನೆ ಮಾಡಿ ಹೇಳ್ತೀನಿ” ಎಂದಳು ಗುಮ್ಜಾ.

ಆದರೆ ಗೋಡೆಯಾಚೆ ಅತ್ತೆಗೆ ಕೇಳಿಸಿತ್ತು. ಅಳಿಯನ ಮಾತು ಮೀರುವ ಹೆಂಗಸಲ್ಲ ಅವರು. ಆ ಸಂಜೆಯೇ ಗಂಟು ಹಿಂದಿನ ವೆರಾಂಡಕ್ಕೆ ಹೋಯಿತು. ಬಟ್ಟೆ ಒಗೆಯುವ ಯಂತ್ರ, ಈರುಳ್ಳಿ ಚೀಲ, ಕಿಮ್ಚಿ ಫ್ರಿಜ್, ಅದರ ನೆತ್ತಿಯ ಮೇಲೆ ಒಟ್ಟಿದ ಹಳೇ ಹೊದಿಕೆಗಳು, ಇವೆಲ್ಲ ಇರುವ ಆ ಕಿಷ್ಕಿಂಧೆಯಲ್ಲಿ ಗಂಟು ಎಲ್ಲಿ ಕೂತಿತೆಂದು ದುಸಿಕ್ ಕೇಳಲೂ ಇಲ್ಲ, ನೋಡಲೂ ಇಲ್ಲ. ಅಂದಿನಿಂದ ವೆರಾಂಡಕ್ಕೆ ಕಾಲಿಡುವಾಗ ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಉಸಿರು ಬಿಗಿಹಿಡಿದು, ತಲೆ ತಗ್ಗಿಸಿಕೊಂಡು ಹೋಗಿ ಬರುತ್ತಿದ್ದರು.

ಚಳಿ ಬಲಿಯಿತು. ಒಂದು ಮಧ್ಯಾಹ್ನ ಗುಮ್ಜಾ ಹೊಸ ಡಬ್ಬಿಯೊಂದನ್ನು ತಂದು ಊಟದ ಮೇಜಿನ ಮೇಲಿಟ್ಟು ಎಲೆ ಬಿಡಿಸಲು ಹೋದಳು. ಎಲೆ ಬಿಡಿಸಿಕೊಳ್ಳಲಿಲ್ಲ, ಪಟ್ಟೆಂದು ಮುರಿಯಿತು. ಕಿಮ್ಚಿಯ ಒಳಗೆಲ್ಲ ಮಂಜುಗಡ್ಡೆ.

ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡರು. ಕರುಮ್ ಕರುಮ್ ಎಂದು ಸದ್ದಾಯಿತು. ಆಮೇಲೆ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

“ಉಪ್ಪು ಸಾಲ್ದು” ಎಂದರು. “ಉಪ್ಪು ಕಮ್ಮಿ ಆದ ಕಿಮ್ಚೀನೇ ಹೀಗೆ ಹೆಪ್ಪುಗಟ್ಟೋದು. ನಮ್ಮಮ್ಮ ಹೇಳೋಳು. ನನ್ನ ಕೈ ಹೋಯ್ತು ಕಣೇ ಗುಮ್ಜಾ.”

“ಅಯ್ಯೋ, ಹಾಗೆಲ್ಲ ಇಲ್ಲಮ್ಮ, ಫ್ರಿಜ್ ಕೆಟ್ಟಿರ್ಬೇಕು!”

“ಫ್ರಿಜ್ ಮೇಲೆ ಯಾಕೆ ಹಾಕ್ತೀಯಾ? ಕುಣಿಯೋಕ್ ಬರ್ದೆ ಇರೋಳು ನೆಲ ಡೊಂಕು ಅಂದ್ಳಂತೆ. ದೀಪ ಉರೀತಿದೆ, ಗುಯ್ ಅಂತಿದೆ, ಅದು ಚೆನ್ನಾಗೇ ಇದೆ. ಹೊಸ ವರ್ಷದ ಹಬ್ಬಕ್ಕೆ ನಿನ್ನ ತಮ್ಮಂದಿರು ಬರ್ತಾರಲ್ಲ, ಹೇಳಿಬಿಡು. ಇನ್ಮೇಲೆ ಅಂಗಡಿ ಕಿಮ್ಚಿ ತಗೊಳ್ಳಿ ಅಂತ.”

ಅಂಗಡಿ ಕಿಮ್ಚಿ! ಆ ಮನೆಯಲ್ಲಿ ಅಂಥ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಅಂದಿನಿಂದ ಅತ್ತೆ ಉಪ್ಪಿನ ಭರಣಿಯನ್ನು ಮುಟ್ಟುವುದನ್ನೇ ಬಿಟ್ಟರು. ಸಾರು ಕುದಿಯುತ್ತಿದ್ದರೆ “ಉಪ್ಪು ನೀನೇ ನೋಡು” ಎಂದು ಮಗಳಿಗೆ ಸೌಟು ಕೊಟ್ಟು ಪಕ್ಕಕ್ಕೆ ಸರಿಯುತ್ತಿದ್ದರು. ಅತ್ತೆಯನ್ನು ಕಂಡರೆ ದುಸಿಕ್ ಅವರಿಗೆ ಮೊದಲಿಂದಲೂ ಭಯ, ಪ್ರೀತಿ ಎರಡೂ ಇದ್ದವು. ಎಂಬತ್ತರ ಹತ್ತಿರದ ಆ ಜೀವ ಹೀಗೆ ತನ್ನ ಕೈಯನ್ನೇ ನಂಬದೆ ಕೂರುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ.

ಅತ್ತೆ ಸುಮ್ಮನೆ ಕೂರುವವರೂ ಅಲ್ಲವಲ್ಲ. “ಕಾಳು ಹುಳಿಯೋಕೆ ಉಪ್ಪು ಬೇಕಾಗಿಲ್ಲ. ಅದ್ರಲ್ಲಿ ತಪ್ಪಾಗೋ ಮಾತೇ ಇಲ್ಲ” ಎಂದು ಸೋಯಾಕಾಳನ್ನೇ ಹಿಡಿದುಕೊಂಡರು. ಒಂದು ಗಂಟು ಇಳಿದರೆ ಇನ್ನೊಂದು ಏರಿತು. ಅಪಾರ್ಟ್‌ಮೆಂಟಿನ ಅಜ್ಜಿಯರೆಲ್ಲ ನನಗೂ ಇರಲಿ, ನನ್ನ ಮಗನಿಗೂ ಇರಲಿ ಎಂದರು. ಗಂಟು ದಿನೇ ದಿನೇ ದಪ್ಪವಾಯಿತು. ಕಿಮ್ಚಿ ದಿನೇ ದಿನೇ ಕಲ್ಲಾಯಿತು. ದುಸಿಕ್ ಅವರ ಮಾಸ್ಕ್ ಒಂದಿದ್ದದ್ದು ಎರಡಾಯಿತು.

“ಇದು ಉಪ್ಪಿನ ಪ್ರಶ್ನೆ ಅಲ್ಲ, ಉಷ್ಣದ ಪ್ರಶ್ನೆ” ಎಂದು ಒಂದು ಬೆಳಿಗ್ಗೆ ದುಸಿಕ್ ಘೋಷಿಸಿದರು. “ಉಷ್ಣದ ಪ್ರಶ್ನೆ ಅಂದ್ಮೇಲೆ ನನ್ನ ಪ್ರಶ್ನೆ.”

“ಮುಗೀತು ಕಥೆ” ಎಂದಳು ಗುಮ್ಜಾ.

ನಿವೃತ್ತಿಯ ದಿನ ಸಹೋದ್ಯೋಗಿಗಳು ಕಾಣಿಕೆ ಕೊಟ್ಟಿದ್ದ ಗಾಜಿನ ಉಷ್ಣಮಾಪಕವನ್ನು ಅವರು ಪೆಟ್ಟಿಗೆಯಿಂದ ತೆಗೆದರು. ಲೋಟದಲ್ಲಿ ದಟ್ಟ ಉಪ್ಪುನೀರು ಹಾಕಿ, ಅದರಲ್ಲಿ ಅದನ್ನು ಅದ್ದಿ, ಫ್ರಿಜ್ಜಿನೊಳಗೆ ಒಂದು ರಾತ್ರಿ ಇಟ್ಟರು. ಬೆಳಿಗ್ಗೆ ನೋಡಿದರೆ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ! ಇರಬೇಕಾದದ್ದು ಸೊನ್ನೆಗಿಂತ ಒಂದೇ ಡಿಗ್ರಿ ಕೆಳಗೆ.

“ಸಿಕ್ಕಿಬಿದ್ದ ಕಳ್ಳ!” ಎಂದು ಮಾಸ್ಕಿನೊಳಗಿಂದಲೇ ಕೂಗಿದರು. “ಒಳಗಿನ ಚಳಿ ಅಳೆಯೋ ಸೆನ್ಸರ್ ಸುಳ್ಳು ಹೇಳ್ತಿದೆ. ಕೇಳಿಲ್ಲಿ ಗುಮ್ಜಾ, ಉಷ್ಣಮಾಪಕ ಅನ್ನೋದು ಪಾಪದ ಪ್ರಾಣಿ. ನಿಂತ ಜಾಗದ ಮಾತನ್ನೇ ಅದು ಆಡೋದು. ಗೋಡೆಗೆ ತಾಗಬಾರದು, ಒಲೆ ಪಕ್ಕ ಇಡಬಾರದು, ಮನುಷ್ಯನ ಉಸಿರೂ ತಾಗಬಾರದು. ಅದಕ್ಕೇ ನಾವು ಬಿಳೀ ಪೆಟ್ಟಿಗೆ ಒಳಗಿಟ್ಟು, ಬಯಲಲ್ಲಿ, ಹುಲ್ಲಿನ ಮೇಲೆ...”

“ರೀ, ಮದುವೆ ಆದ ದಿನದಿಂದ ಆ ಪೆಟ್ಟಿಗೆ ಕಥೆ ಕೇಳ್ತಿದ್ದೀನಿ. ನಿಮ್ಮನ್ನೇ ಅದ್ರೊಳಗಿಟ್ಟು ಬಯಲಲ್ಲಿ ನಿಲ್ಲಿಸಬೇಕಿತ್ತು.”

ದುಸಿಕ್ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಡಿಭಾಗದ ಅಂಗಡಿಗೆ ಹೋಗಿ ಹೊಸ ಸೆನ್ಸರ್ ತಂದರು. ನೋಡಿದರೆ ಅದೇನು, ತಂತಿಯ ತುದಿಗೆ ಅಂಟಿದ ಒಂದು ಕಾಳು, ಅಷ್ಟೇ. ಕಲ್ಲಾದ ಕಿಮ್ಚಿಯ ಡಬ್ಬಿಗಳನ್ನೆಲ್ಲ ಎತ್ತಿ ಹೊರಗಿಟ್ಟರು. ಮೂರನೆಯ ಡಬ್ಬಿಗೆ ಸೊಂಟ ಕಳಕ್ ಎಂದಿತು. ನೋವಿನ ಪಟ್ಟಿ ಅಂಟಿಸಿಕೊಂಡು ಬಂದು ಮತ್ತೆ ಬಗ್ಗಿದರು. ಹಳೆಯ ಸೆನ್ಸರ್ ಬಿಚ್ಚಿ, ಮಂಜುಗಡ್ಡೆಯ ನೀರಲ್ಲಿ ಅದ್ದಿ, ಮೀಟರ್ ಹಚ್ಚಿ ನೋಡಿದರು. ಮುಖ ಸಣ್ಣದಾಯಿತು. ಹಳೆಯ ಸೆನ್ಸರ್ ಸತ್ಯಹರಿಶ್ಚಂದ್ರನ ಹಾಗೆ ಸರಿಯಾದ ಅಂಕಿಯನ್ನೇ ತೋರಿಸುತ್ತಿತ್ತು.

“ಏನಾಯ್ತು?” ಎಂದಳು ಬಾಗಿಲಲ್ಲಿ ನಿಂತ ಗುಮ್ಜಾ.

“ಏನಿಲ್ಲ. ಸ್ವಲ್ಪ... ಚೆನ್ನಾಗಿದೆ.”

“ಚೆನ್ನಾಗಿರೋದನ್ನ ಯಾಕೆ ಬಿಚ್ಚಿದ್ರಿ?”

“ತಂದಿದ್ದೀನಲ್ಲ, ಹೊಸದು ಹಾಕಿಬಿಡ್ತೀನಿ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಹಾಕಿ ಹಾಕಿ.”

ಹೊಸದು ಹಾಕಿದ್ದಾಯಿತು. ಮರುದಿನ ಲೋಟದಲ್ಲಿ ನೋಡಿದರೆ ಆರಕ್ಕಿಂತ ಇನ್ನೂ ಒಂದು ಡಿಗ್ರಿ ಕೆಳಗೆ. ಹಿಂದಿನ ಸಂಜೆಯೇ ಅತ್ತೆ ಹೊಸ ಗಂಟು ಕಟ್ಟಿದ್ದರು, ಹಿಂದಿನದಕ್ಕಿಂತ ದೊಡ್ಡದು. ಆದರೆ ಈ ಎರಡು ಸಂಗತಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವ ಬುದ್ಧಿ ಯಾರಿಗೂ ಬರಲಿಲ್ಲ.

ಹಬ್ಬ ಹತ್ತಿರ ಬಂತು. ಅತ್ತೆ ಮಾತು ಕಡಿಮೆ ಮಾಡಿದರು. ಗುಮ್ಜಾ ಒಂದು ದಿನ ಬಚ್ಚಲಲ್ಲಿ ನಿಂತು ಅತ್ತು ಬಂದಳು. ಅವಳು ಅಳುವುದೆಂದರೆ ದುಸಿಕ್ ಅವರಿಗೆ ಭೂಕಂಪದ ಮುನ್ಸೂಚನೆ. ಬೇರೆ ದಾರಿ ಕಾಣದೆ, ಅಭಿಮಾನ ನುಂಗಿಕೊಂಡು ರಿಪೇರಿಯವರ ನಂಬರಿಗೆ ಫೋನ್ ಮಾಡಿದರು. ಜೇನು ಸವರಿದ ದನಿಯ ಹುಡುಗಿ, “ಹಬ್ಬ ಮುಗಿಯೋವರೆಗೂ ಯಾರೂ ಬರೋಕಾಗಲ್ಲ ಸರ್, ಕ್ಷಮಿಸಿ. ಒಂದು ಪರೀಕ್ಷೆ ಹೇಳಿಕೊಡ್ಲಾ?” ಎಂದಳು. “ಮುಂದಿನ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡ್ಕೊಳ್ಳಿ. ಏನು ಬರುತ್ತೆ?”

“ಮೂವತ್ತೇಳು.”

“ಅದು ಹೊರಗಿನ ಉಷ್ಣಾಂಶ ಸರ್. ಫ್ರಿಜ್ಜಿನ ನೆತ್ತಿ ಮೇಲೆ ಬಾಗಿಲ ಕೀಲಿನ ಮುಚ್ಚಳದ ಕೆಳಗೆ ಇನ್ನೊಂದು ಸೆನ್ಸರ್ ಇರುತ್ತೆ. ಹೊರಗೆ ಸೆಕೆ ಜಾಸ್ತಿ ಇದ್ದಷ್ಟೂ ಒಳಗೆ ಜಾಸ್ತಿ ತಂಪು ಮಾಡುತ್ತೆ. ನಿಮ್ಮನೆ ವೆರಾಂಡದಲ್ಲಿ ತುಂಬಾ ಸೆಕೆನಾ ಸರ್?”

ದುಸಿಕ್ ಕಿಟಕಿಯತ್ತ ನೋಡಿದರು. ಗಾಜಿನ ಮೇಲೆ ಹಿಮ ಹೂವು ಬಿಟ್ಟಿತ್ತು. ಒಗೆದು ಹಾಕಿದ್ದ ಅವರ ಪೈಜಾಮ ಹಗ್ಗದ ಮೇಲೆ ಕಾಲು ಚಾಚಿಕೊಂಡು ಮರದ ಹಲಗೆಯಂತೆ ನಿಂತಿತ್ತು. ಅವರು ಬಿದ್ದು ಬಿದ್ದು ನಕ್ಕರು.

“ಏನಮ್ಮಾ, ಚುನ್‌ಚನ್‌ನಲ್ಲಿ ಜನವರಿ ತಿಂಗಳು ಮೂವತ್ತೇಳು ಡಿಗ್ರಿ! ನಾನು ಕಚೇರೀಲಿ ಹೀಗೆ ಬರೆದಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು. ಸಿಕ್ತು ಬಿಡು, ಇವನೇ ಸುಳ್ಳುಗಾರ!”

ಫೋನ್ ಇಟ್ಟು ಮನೆಯವರನ್ನೆಲ್ಲ ಕೂಗಿ ಕರೆದರು. ಅತ್ತೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಹೊರಟರು. ಗುಮ್ಜಾ ಸೌಟು ಹಿಡಿದುಕೊಂಡೇ ಬಂದಳು. ದುಸಿಕ್ ಸ್ಟೂಲ್ ಎಳೆದು ಹತ್ತಿದರು. ಕೈಯಲ್ಲಿ ಗಾಜಿನ ಉಷ್ಣಮಾಪಕ, ಮುಖದ ಮೇಲೆ ಎರಡು ಮಾಸ್ಕ್, ಸೊಂಟಕ್ಕೆ ನೋವಿನ ಪಟ್ಟಿ.

“ಈಗ ನೋಡು. ಈ ಸೆನ್ಸರ್ ಪಕ್ಕದಲ್ಲೇ ನನ್ನ ಉಷ್ಣಮಾಪಕ ಇಡ್ತೀನಿ. ಇದು ಹೇಳೋದು ಸತ್ಯ. ಆಮೇಲೆ ಆ ಸುಳ್ಳುಗಾರನನ್ನ ಕಿತ್ತು ಬಿಸಾಡ್ತೀನಿ.”

ಹಳೇ ಹೊದಿಕೆಗಳನ್ನು ಮೊಣಕೈಯಿಂದ ಒತ್ತರಿಸಿ, ಕೀಲಿನ ಪಕ್ಕ ಉಷ್ಣಮಾಪಕ ಇಟ್ಟರು. ಕಾದರು. ಕನ್ನಡಕ ಮೇಲೇರಿಸಿ ನೋಡಿದರು. ಕನ್ನಡಕ ತೆಗೆದು ನೋಡಿದರು.

“ಎಷ್ಟ್ರೀ?”

ದುಸಿಕ್ ಕನ್ನಡಕವನ್ನು ಅಂಗಿಗೆ ಒರೆಸಿ ಮತ್ತೆ ಹಾಕಿಕೊಂಡರು.

“ರೀ! ಎಷ್ಟು ಅಂದೆ!”

“ಮೂವತ್ತೇಳು” ಎಂದರು ದುಸಿಕ್, ಬಾವಿಯ ತಳದಿಂದ ಬಂದ ದನಿಯಲ್ಲಿ.

ಮೂವತ್ತು ವರ್ಷದ ಅವರ ವಿಜ್ಞಾನ ಸ್ಟೂಲಿನ ಮೇಲೆ ತತ್ತರಿಸಿತು. ವೆರಾಂಡದಲ್ಲಿ ಹೆಪ್ಪುಗಟ್ಟಿದ ಪೈಜಾಮ, ಫ್ರಿಜ್ಜಿನ ನೆತ್ತಿಯ ಮೇಲೆ ನಡುಬೇಸಿಗೆ. ಇದೆಂಥ ಹವಾಮಾನ! ಆಸರೆಗೆಂದು ಹೊದಿಕೆಯ ಮೇಲೆ ಕೈಯೂರಿದರು. ಹೊದಿಕೆ ಬೆಚ್ಚಗಿತ್ತು. ಮೆತ್ತಗಿತ್ತು. ಒಂದು ಅಂಚು ಎತ್ತಿದರು. ಅದರೊಳಗೆ ವಿದ್ಯುತ್ ಕಂಬಳಿ, ಕಂಬಳಿಯೊಳಗೆ...

“ಅಯ್ಯಯ್ಯೋ ಅಳಿಯಂದ್ರೇ, ಮೆಲ್ಲಗೆ!” ಎಂದು ಬಾಗಿಲಿಂದ ಅತ್ತೆ ಕೂಗಿದರು. “ಗಾಳಿ ಆಡಿಸಬೇಡಿ! ಅದು ಕಾಳು ಬೆವರೋ ಹೊತ್ತು!”

ಎರಡು ಮಾಸ್ಕನ್ನೂ ಸೀಳಿಕೊಂಡು ವಾಸನೆ ಮೂಗಿಗೆ ಬಡಿಯಿತು. ಅದರ ಜೊತೆಗೇ ಜ್ಞಾನೋದಯವೂ ಆಯಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ತಲೆಯ ಮೇಲೆ ಒಲೆ ಉರಿಯುತ್ತಿದ್ದರೂ ಅವರು ಫ್ರಿಜ್ಜಿನ ಹೊಟ್ಟೆ ಬಗೆದಿದ್ದರು!

“ಇದನ್ನ ಇಲ್ಲಿ ಯಾರು ಇಟ್ಟಿದ್ದು?” ಎಂದರು, ಸ್ವರ ಏರಿಸಲು ನೋಡುತ್ತ.

“ನಾನು” ಎಂದಳು ಗುಮ್ಜಾ. “ಅಮ್ಮನ ಮಂಡಿಗೆ ಬಗ್ಗೋಕಾಗಲ್ಲ. ನೆಲ ಮಂಜುಗಡ್ಡೆ ಥರ ಇತ್ತು. ಅದಕ್ಕೆ ಮೇಲಿಟ್ಟು ಹೊದಿಕೆ ಮುಚ್ಚಿದೆ. ಅದಿರ್ಲಿ, ಹಜಾರದ ಮೂಲೇಲಿ ಬೆಚ್ಚಗೆ ಕೂತಿತ್ತಲ್ಲ ಪಾಪ, ಅದನ್ನ ಹೊರಗೆ ಹಾಕು ಅಂದಿದ್ದು ಯಾರು? ಗೋಡೆಗೆ ತಾಗಬಾರದು, ಒಲೆ ಪಕ್ಕ ಇಡಬಾರದು! ಆ ಸೆನ್ಸರ್ ಪಕ್ಕ ಒಲೆ ಇಡಿಸಿದ್ದು ಯಾರ್ರೀ?”

ದುಸಿಕ್ ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆಯ ಮುಖ ಕಂಡಿತು. ಮುದುಕಿ ಒಂದು ಸಲ ಗಂಟನ್ನೂ ಒಂದು ಸಲ ಫ್ರಿಜ್ಜನ್ನೂ ನೋಡುತ್ತಿದ್ದರು.

“ಅಂದ್ರೆ... ನನ್ನ ಕಾಳೇ ನನ್ನ ಕಿಮ್ಚೀನ ಹಾಳು ಮಾಡ್ತಾ?” ಎಂದರು ಸಣ್ಣಗೆ.

ದುಸಿಕ್ ತಟ್ಟನೆ ಸ್ಟೂಲಿನಿಂದ ಇಳಿದರು. ಸೊಂಟ ಇನ್ನೊಮ್ಮೆ ಕಳಕ್ ಎಂದಿತು.

“ಇಲ್ಲ ಅತ್ತೆ, ನಿಮ್ಮ ಕಾಳಲ್ಲ. ನಿಮ್ಮ ಉಪ್ಪಂತೂ ಅಲ್ವೇ ಅಲ್ಲ. ಹಾಳು ಮಾಡಿದ್ದು ಈ ನನ್ನ ಮೂಗು.”

“ಮದುವೆ ಆದಾಗಿಂದ ಇದೊಂದೇ ಇವರು ಕರಾರುವಾಕ್ಕಾಗಿ ಹೇಳಿದ್ದು” ಎಂದಳು ಗುಮ್ಜಾ.

ಗಂಟು ಇಳಿಯಿತು. ಫ್ರಿಜ್ಜು ಒಂದು ದೊಡ್ಡ ನಿಟ್ಟುಸಿರಿಟ್ಟು ಸುಮ್ಮನಾಯಿತು. ಪಾಪದ ಯಂತ್ರ, ಯಾವಾಗಿನಿಂದ ಬೇಸಿಗೆಯೆಂದು ಬೆವರು ಸುರಿಸಿ ದುಡಿಯುತ್ತಿತ್ತೋ. ಹಬ್ಬದ ಹಿಂದಿನ ದಿನ ಡಬ್ಬಿಗಳನ್ನೆಲ್ಲ ತೆರೆದು ನೋಡಿದರು. ಹಿಂಬದಿ ಗೋಡೆಗೆ ತಾಗಿದ್ದವು ಮೆತ್ತಗಾಗಿದ್ದವು, ಹೋಗಲಿ, ಹಂದಿಮಾಂಸದ ಜೊತೆ ಕುದಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಡುವಿನ ಡಬ್ಬಿಗಳಿಗೆ ಮೇಲೆ ಮೇಲೆ ಮಂಜು ಹಿಡಿದಿತ್ತು ಅಷ್ಟೇ, ಒಳಗಿನದಕ್ಕೆ ಒಂದಿಷ್ಟೂ ಮುಕ್ಕಾಗಿರಲಿಲ್ಲ. ಗುಮ್ಜಾ ಒಂದು ಎಲೆಯನ್ನು ಕೈಯಲ್ಲೇ ಉದ್ದಕ್ಕೆ ಸೀಳಿ ಅಮ್ಮನ ಬಾಯಿಗಿಟ್ಟಳು.

ಅತ್ತೆ ಅಗಿದರು. ಕಣ್ಣು ಮುಚ್ಚಿ ಅಗಿದರು. ಗಂಡಹೆಂಡತಿ ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಮಕ್ಕಳಂತೆ ಅಕ್ಕಪಕ್ಕ ನಿಂತಿದ್ದರು.

“ಗುಮ್ಜಾ.”

“ಏನಮ್ಮಾ?”

“ಆ ಸಾರಿನ ಪಾತ್ರೆ ಇತ್ಲಾಗ್ ತಾ. ಇಷ್ಟು ದಿನ ನೀನು ಹಾಕಿದ ಉಪ್ಪು ಬಾಯಲ್ಲಿಡೋ ಹಾಗಿರ್ಲಿಲ್ಲ. ಹೇಗೋ ನುಂಗ್ಕೊಂಡಿದ್ದೆ.”

ಎಂದವರೇ ಭರಣಿಗೆ ಕೈ ಹಾಕಿ ಒಂದು ಚಿಟಿಕೆ ಉಪ್ಪನ್ನು ಪಾತ್ರೆಗೆ ಎರಚಿದರು. ಗುಮ್ಜಾ ನಗುತ್ತ ಕಣ್ಣೊರೆಸಿಕೊಂಡಳು. ದುಸಿಕ್ ಅವರಿಗೆ ಎದೆಯ ಮೇಲಿಂದ ಕಿಮ್ಚಿ ಡಬ್ಬಿಯೊಂದನ್ನು ಇಳಿಸಿದ ಹಾಗಾಯಿತು. ಅಬ್ಬಾ, ಬದುಕಿದೆ ಎಂದುಕೊಂಡು ಆ ದಿನ ಮೂರು ಬಟ್ಟಲು ಅನ್ನ ಉಂಡರು.

ಉಳಿದದ್ದು ಒಂದೇ ಪ್ರಶ್ನೆ. ಗಂಟು ಎಲ್ಲಿರಬೇಕು? ಹಜಾರದಲ್ಲಿ ಹಬ್ಬದ ನೆಂಟರು. ಅತ್ತೆಯ ಕೋಣೆಯಲ್ಲಿ ಗುಮ್ಜಾಳ ತಮ್ಮಂದಿರ ಹೆಂಡತಿಯರು.

“ನೀವು ಓದ್ತಾ ಮಲಗೋ ಕೋಣೆ ಇದೆಯಲ್ಲ” ಎಂದಳು ಗುಮ್ಜಾ.

“ನನ್ನ ಕೋಣೆನಾ! ಅಲ್ಲಿ ನನ್ನ ಪ್ರಶಸ್ತಿ ಪತ್ರ ಇದೆ!”

“ಬೇಡ ಬಿಡೇ” ಎಂದರು ಅತ್ತೆ. “ಅಳಿಯಂದ್ರ ಮೂಗು ಸೂಕ್ಷ್ಮ. ಕಾಳು ಮಾಡೋದೇ ಬಿಟ್ಬಿಡ್ತೀನಿ. ವಯಸ್ಸಾಯ್ತು ನನಗೂ.” ಎಂದು ಮತ್ತೆ ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಳ್ಳತೊಡಗಿದರು.

ಆ ನೋಟ ಮತ್ತೆ ಶುರುವಾದರೆ! ದುಸಿಕ್ ಅವರ ಬಾಯಿಂದ ಮಾತು ತಾನಾಗಿ ಜಾರಿತು.

“ತನ್ನಿ ಅತ್ತೆ. ನನ್ನ ಹಾಸಿಗೆ ಪಕ್ಕದಲ್ಲೇ ಇಡಿ.”

ಹೀಗೆ ಗಂಟು ಪ್ರಶಸ್ತಿ ಪತ್ರದ ಕೆಳಗೆ ಪ್ರತಿಷ್ಠಾಪನೆಯಾಯಿತು. ಗಾಜಿನ ಉಷ್ಣಮಾಪಕ ಅದರೊಳಗೆ ಹೋಯಿತು. ಕಾವು ಏರಿದರೆ, ಇಳಿದರೆ ಅತ್ತೆಗೆ ವರದಿ ಒಪ್ಪಿಸುವ ಹುದ್ದೆ ದುಸಿಕ್ ಅವರದಾಯಿತು. ಅತ್ತೆ ಆ ವರದಿಯನ್ನು ಗಂಭೀರವಾಗಿ ಕೇಳಿ ತಲೆದೂಗುತ್ತಿದ್ದರು. (ಆ ಮನೆಯಲ್ಲಿ ಅವರ ಹವಾಮಾನ ವರದಿಯನ್ನು ನಂಬಿದ ಮೊದಲ ವ್ಯಕ್ತಿ.) ಮೊದಲೆರಡು ದಿನ ದುಸಿಕ್ ತಲೆಯನ್ನು ಬಾಗಿಲ ಹೊರಗೆ ಹಾಕಿ ಮಲಗಿದರು. ಆಮೇಲೆ, “ವಿಚಿತ್ರ ನೋಡೇ, ಈಗ ವಾಸನೆಯೇ ಬರಲ್ಲ” ಎಂದರು.

ಹಬ್ಬ ಕಳೆದ ಮೇಲೆ ಒಂದು ದಿನ ಬಾದುಕ್ ಆಡಲು ಹೋದರು. ಕಪ್ಪು ಬಿಳಿ ಕಲ್ಲಿನ ಆ ಆಟದಲ್ಲಿ ನಿವೃತ್ತ ಮೇಷ್ಟ್ರು ಬಾಂಗ್ ಅವರನ್ನು ದುಸಿಕ್ ಒಂದು ಸಲವೂ ಸೋಲಿಸಿದ್ದಿಲ್ಲ. ಸಂಜೆ ಅವರು ಮನೆಗೆ ಬಂದದ್ದು ಯುದ್ಧ ಗೆದ್ದ ದಳಪತಿಯ ಠೀವಿಯಲ್ಲಿ.

“ಗುಮ್ಜಾ! ಬಾಂಗ್ ಮೇಷ್ಟ್ರು ಇವತ್ತು ಅರ್ಧ ಆಟಕ್ಕೇ ಸೋತೆ ಅಂತ ಎದ್ದುಬಿಟ್ರು! ಗೆಲ್ಲೋ ಹಾಗೇ ಇತ್ತು ಅವರ ಕಡೆ, ನನ್ನ ಎದುರು ಕೂರೋಕೇ ಆಗ್ಲಿಲ್ಲ ನೋಡು. ಕಣ್ಣಲ್ಲಿ ನೀರು! ಆಮೇಲೆ ಇನ್ನಿಬ್ಬರು ಬಂದ್ರು, ಅವರೂ ಹಾಗೇ. ಕೊನೆಕೊನೆಗೆ ನನ್ನ ಮೇಜಿನ ಹತ್ತಿರ ಬರೋ ಧೈರ್ಯವೇ ಯಾರಿಗೂ ಇರ್ಲಿಲ್ಲ!”

ಗುಮ್ಜಾ ಗಂಡನ ಕೋಟನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹಿಂದಿನ ವೆರಾಂಡಕ್ಕೆ ಒಯ್ದು, ಫ್ರಿಜ್ಜಿನಿಂದ ಆದಷ್ಟು ದೂರದಲ್ಲಿ ನೇತುಹಾಕಿದಳು.